ಗಾಳಿಗೂ ಹಿಮಕ್ಕೂ ಸಂಧಿ

ನಮ್ಮ ಕಡೆಯಲ್ಲಿ ಮನೆ ಕಟ್ಟಿಸುವವರು ಚಾವಣಿಯ ವಿಷಯದಲ್ಲಿ ಕೇಳುವ ಪ್ರಶ್ನೆ ಒಂದೇ: ಸೋರುವುದೋ, ಇಲ್ಲವೋ? ಮೊದಲ ಮಳೆಗೆ ಅಡುಗೆಮನೆಯ ಮೂಲೆಯಲ್ಲಿ ಪಾತ್ರೆಯಿಡುವ ಪ್ರಸಂಗ ಬಾರದಿದ್ದರೆ ಗೃಹಸ್ಥನು ಮೇಸ್ತ್ರಿಯನ್ನು ಹರಸುತ್ತಾನೆ. ಬಂದರೆ ಏನು ಮಾಡುತ್ತಾನೆಂಬುದನ್ನು ಅಚ್ಚಿನಲ್ಲಿ ಬರೆಯುವಂತಿಲ್ಲ. ಚಾವಣಿ ಎಷ್ಟು ಭಾರವನ್ನು ಹೊತ್ತೀತು ಎಂಬ ಯೋಚನೆ ನಮಗೆ ಬರುವುದು, ಬಹುಮಟ್ಟಿಗೆ, ಮೇಲೆ ನೀರಿನ ತೊಟ್ಟಿಯನ್ನು ಕೂರಿಸುವಾಗ ಮಾತ್ರ. ಆಕಾಶದಿಂದ ಇಳಿದದ್ದು ಹರಿದುಹೋಗದೆ ಅಲ್ಲಿಯೇ ಕುಳಿತು, ದಿನದಿನಕ್ಕೆ ತೂಕವೇರಿಸಿಕೊಂಡು, ತಿಂಗಳುಗಟ್ಟಲೆ ಮನೆಯನ್ನು ಅದುಮುತ್ತಿರಬಹುದೆಂಬ ಕಲ್ಪನೆ ನಮಗೆ ಇಲ್ಲ. ಇರಬೇಕಾದ ಕಾರಣವೂ ಇಲ್ಲ.

ನಮ್ಮ ಭಾಷೆಗೂ ಅದರ ಅಗತ್ಯ ಬಿದ್ದಂತೆ ಕಾಣುವುದಿಲ್ಲ. ಮಡಿಕೇರಿಯ ಬೆಳಗನ್ನು ಮುಸುಕುವುದೂ ಮಂಜು, ಹುಲ್ಲಿನ ತುದಿಯಲ್ಲಿ ಹೊಳೆಯುವುದೂ ಮಂಜಿನ ಹನಿ, ಹಿಮಾಲಯದ ಮೇಲೆ ಬಿದ್ದಿರುವುದೂ ಮಂಜೇ. ಪೂರ್ವಿಕರು ಸಂಸ್ಕೃತದಿಂದ ‘ಹಿಮ’ವನ್ನು ತಂದಿಟ್ಟಿರದಿದ್ದರೆ ಈ ಲೇಖನವನ್ನು ಬರೆಯುವುದೇ ಕಷ್ಟವಾಗುತ್ತಿತ್ತು.

ಕನ್ನಡದಲ್ಲಿ ಎಂ.ಎ. ಮಾಡಿ, ಕಾಲೇಜಿನ ಹುಡುಗರಿಗೆ ಛಂದಸ್ಸು ವ್ಯಾಕರಣಗಳನ್ನು ಹೇಳಿಕೊಡುತ್ತ ಹೊಟ್ಟೆ ಹೊರೆಯುವ ನನಗೆ ಹಿಮದ ಹೊರೆಯ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಕಾರಣ ನನ್ನ ಭಾವನವರು. ಅವರು ನಮ್ಮ ರಾಜ್ಯದಲ್ಲಿಯೇ ಸಿವಿಲ್ ಎಂಜಿನಿಯರಿಂಗ್ ಓದಿ, ಈಗ ಹಲವು ವರ್ಷಗಳಿಂದ ಅಮೆರಿಕದ ಮಿನಿಸೋಟ ರಾಜ್ಯದ ಒಂದು ಸಣ್ಣ ಊರಿನಲ್ಲಿದ್ದಾರೆ. ಕಟ್ಟಡದ ಅಂದಚೆಂದ ಅವರ ಕೆಲಸವಲ್ಲ. ಕಂಬ, ತೊಲೆ, ಬುನಾದಿಗಳು ಎಷ್ಟು ದಪ್ಪವಿರಬೇಕು, ಎಷ್ಟು ದೂರಕ್ಕೊಂದು ಇರಬೇಕು ಎಂದು ಲೆಕ್ಕ ಹಾಕಿ ನಕ್ಷೆಗೆ ಮುದ್ರೆಯೊತ್ತುವುದು ಅವರ ವೃತ್ತಿ. “ಉಳಿದವರು ಮುಖ ನೋಡುತ್ತಾರೆ, ನಾನು ಮೂಳೆ ನೋಡುತ್ತೇನೆ” ಎನ್ನುವುದು ಅವರ ಮಾತು. 2022ರ ಡಿಸೆಂಬರಿನಲ್ಲಿ ಎರಡು ವಾರ ಅವರ ಮನೆಯಲ್ಲಿದ್ದಾಗ ನಾನು ಕಂಡ ಮೂಳೆಗಳ ಕಥೆ ಇದು.

ನಾನು ಹೋದ ಮೂರನೆಯ ದಿನ ಹಿಮ ಬಿತ್ತು. ಮಳೆಗೆ ಸದ್ದಿದೆ, ಹಿಮಕ್ಕೆ ಸದ್ದಿಲ್ಲ. ರಾತ್ರಿಯೆಲ್ಲ ಬಿದ್ದರೂ ಮಲಗಿದ್ದವನಿಗೆ ತಿಳಿಯಲಿಲ್ಲ. ಬೆಳಿಗ್ಗೆ ಕಿಟಕಿಯ ಹೊರಗೆ ಎಲ್ಲವೂ ದುಂಡಗಾಗಿತ್ತು. ಅರಳೆಯಂತೆ, ಹಾಲಿನ ನೊರೆಯಂತೆ ಎಂದು ನಾನು ಒಂದೊಂದಾಗಿ ಉಪಮೆಗಳನ್ನು ಹೊರತೆಗೆಯುತ್ತಿದ್ದಾಗ ಭಾವನವರು ಅಡುಗೆಮನೆಗೆ ಹೋಗಿ, ಅಕ್ಕನ ಐದು ಲೀಟರಿನ ಸ್ಟೀಲ್ ಡಬ್ಬಿಯನ್ನು ಬರಿದುಮಾಡಿಕೊಂಡು ಬಂದರು.

“ಏನಯ್ಯ ಪಂಡಿತ, ಅರಳೆ ಅಂದೆಯಲ್ಲ, ತೂಗೋಣ ಬಾ.”

ಹೊಸ ಹಿಮವನ್ನು ಡಬ್ಬಿಗೆ ತುಂಬಿ ತೂಗಿದೆವು. ಹೆಚ್ಚುಕಡಿಮೆ ಅರ್ಧ ಕಿಲೋ. ನೀರಾಗಿದ್ದರೆ ಐದು ಕಿಲೋ ಇರುತ್ತಿತ್ತು. ಅನಂತರ ಹಿತ್ತಲಿನಲ್ಲಿ ವಾರಗಳಿಂದ ಬಿದ್ದು ಕುಗ್ಗಿಹೋಗಿದ್ದ ಹಳೆಯ ಹಿಮವನ್ನು ತುಂಬಿದೆವು; ಒಂದೂವರೆ ಕಿಲೋ ದಾಟಿತು. ಡಬ್ಬಿ ಅದೇ, ನೋಟಕ್ಕೆ ಬಿಳುಪೂ ಅದೇ. “ಹೊಸದು ಒಂದು ಮೀಟರು ಎತ್ತರಕ್ಕೆ ಬಿದ್ದರೆ ಚದರ ಮೀಟರಿಗೆ ನೂರು ಕಿಲೋ. ಹಳೆಯದು ಅಷ್ಟೇ ಎತ್ತರವಿದ್ದರೆ ಮುನ್ನೂರು. ಎಂದರೆ ನಿನ್ನಂಥ ನಾಲ್ಕು ಜನ ಉಪನ್ಯಾಸಕರು ಪ್ರತಿಯೊಂದು ಚದರ ಮೀಟರಿನಲ್ಲಿಯೂ ಮುಂದಿನ ಮಾರ್ಚಿಯವರೆಗೆ ನಿಂತ ಹಾಗೆ. ಅದರ ಮೇಲೆ ಒಂದು ಮಳೆ ಬಂತೋ, ಅದನ್ನೂ ಹೀರಿಕೊಂಡು ಕೂರುತ್ತದೆ” ಎಂದರು. ಒದ್ದೆಯಾದ ಡಬ್ಬಿಗೆ ಬೇಳೆಯನ್ನು ಮತ್ತೆ ತುಂಬುವಂತಿಲ್ಲವೆಂದು ಅಕ್ಕ ಹೇಳಿದ್ದು ಬೇರೆಯ ವಿಷಯ.

ಇದಿಷ್ಟೇ ಆಗಿದ್ದರೆ ಲೆಕ್ಕ ಸುಲಭ. ಎಷ್ಟು ಎತ್ತರ ಬೀಳಬಹುದೆಂದು ಹಳೆಯ ದಾಖಲೆಗಳನ್ನು ನೋಡಿ, ಚಾವಣಿಯ ಮೇಲೆ ಸಮವಾಗಿ ಹರಡಿ, ತೊಲೆಗಳನ್ನು ಗಟ್ಟಿಮಾಡಿದರೆ ಮುಗಿಯಿತು. ಗಾಳಿಯ ಲೆಕ್ಕವೂ ಬೇರೆಯಾಗಿ ಇದ್ದರೆ ಕಷ್ಟವಲ್ಲ. ನಮ್ಮ ದೇಶದಲ್ಲಿಯೂ ಕಟ್ಟಡಗಳ ಹೊರೆಗೆ ‘ಭಾರತೀಯ ಮಾನಕ 875’ ಎಂಬ ಐದು ಭಾಗಗಳ ನಿಯಮಾವಳಿಯಿದೆ. ಅದರ ಮೂರನೆಯ ಭಾಗ ಗಾಳಿಗೆ, ನಾಲ್ಕನೆಯದು ಹಿಮಕ್ಕೆ, ಐದನೆಯದು ವಿಶೇಷ ಹೊರೆಗಳಿಗೂ ಹೊರೆಗಳ ಕೂಡಿಕೆಗೂ ಮೀಸಲು. ಬೆಂಗಳೂರಿಗೆ ಅದು ಹೇಳುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರು, ಎಂದರೆ ಗಂಟೆಗೆ ಸುಮಾರು 119 ಕಿಲೋಮೀಟರು. ಅಂಥ ಗಾಳಿ ಎದುರಾದಾಗ ಗೋಡೆಯ ಮೇಲೆ ಚದರ ಮೀಟರಿಗೆ ಸುಮಾರು 65 ಕಿಲೋ ತೂಕದ ಒತ್ತಡ ಬೀಳುತ್ತದೆ. ನಾಲ್ಕನೆಯ ಭಾಗ ಕಾಶ್ಮೀರ, ಹಿಮಾಚಲದವರಿಗೆ. ಭಾವನವರು ಓದುವಾಗ ಆ ಭಾಗದ ಪುಟಗಳನ್ನು ಯಾರೂ ತಿರುವಿರಲಿಲ್ಲವಂತೆ. ಪರೀಕ್ಷೆಗೆ ಬರುವುದಿಲ್ಲ ಎಂಬುದಕ್ಕಿಂತ ದೊಡ್ಡ ಕಾರಣ ವಿದ್ಯಾರ್ಥಿಗೆ ಬೇಕಿಲ್ಲ.

ತೊಡಕೆಲ್ಲ ಬರುವುದು ಗಾಳಿಯೂ ಹಿಮವೂ ಒಂದನ್ನೊಂದು ಕೂಡಿದಾಗ. ಆ ಕೂಡಿಕೆಯನ್ನು ನಾನು ಡಿಸೆಂಬರಿನ ಮೂರನೆಯ ವಾರದಲ್ಲಿ ಕಣ್ಣಾರೆ ಕಂಡೆ. ಹಿಮ ಬೀಳುವುದು ನಿಂತಿತ್ತು. ತಲೆಯ ಮೇಲೆ ನೀಲಿಯ ಆಕಾಶ. ಆದರೆ ವಾಯವ್ಯದಿಂದ ಗಾಳಿಯೆದ್ದು, ಬಯಲಿನಲ್ಲಿ ಬಿದ್ದಿದ್ದ ಹಿಮವನ್ನೆಲ್ಲ ಎತ್ತಿ ನೆಲದ ಮೇಲೆಯೇ ಹೊಳೆಯಂತೆ ಹರಿಸತೊಡಗಿತು. ಎರಡು ಮಾರು ಆಚೆಗಿನ ಬೇಲಿ ಕಾಣದು, ಕತ್ತೆತ್ತಿದರೆ ಬಿಸಿಲು. ಮರುದಿನ ನೋಡಿದರೆ ಅಂಗಳದಲ್ಲಿದ್ದ ಕಾರಿನ ಒಂದು ಮಗ್ಗುಲಲ್ಲಿ ಹುಲ್ಲು ಕಾಣುತ್ತಿತ್ತು, ಇನ್ನೊಂದು ಮಗ್ಗುಲಲ್ಲಿ ಹಿಮ ಬಾಗಿಲಿನ ಹಿಡಿಯವರೆಗೆ ಏರಿತ್ತು. ಬಿದ್ದ ಹಿಮ ಒಂದೇ, ಗಾಳಿ ಅದನ್ನು ಮತ್ತೆ ಹಂಚಿತ್ತು, ಅಷ್ಟೇ.

“ಎರಡು ಹೊರೆ ಎಂದರೆ ಜನ ಕೂಡುವ ಲೆಕ್ಕ ಎಂದುಕೊಳ್ಳುತ್ತಾರೆ. ಇಲ್ಲಿ ಒಂದು ಹೊರೆ ಇನ್ನೊಂದನ್ನು ಹೊತ್ತುಕೊಂಡು ಹೋಗಿ ತನಗೆ ಬೇಕಾದ ಕಡೆ ಇಡುತ್ತದೆ” ಎಂದರು ಭಾವನವರು.

ಅಷ್ಟು ಹೇಳಿದ ಮೇಲೆ ನನ್ನೊಳಗಿನ ಮೇಷ್ಟ್ರು ಸುಮ್ಮನಿರಲಾರನಾದನು. ಇದು ಸಂಕಲನವಲ್ಲ, ಸಂಧಿ ಎಂದೆ. ಎರಡು ಅಕ್ಷರಗಳು ಕೂಡುವಾಗ ಅವು ಇದ್ದಂತೆಯೇ ಪಕ್ಕಪಕ್ಕದಲ್ಲಿ ಕೂರುವುದಿಲ್ಲ. ‘ಊರಲ್ಲಿ’ ಎಂಬಲ್ಲಿ ಒಂದು ಸ್ವರ ಬಿಟ್ಟುಹೋಗುತ್ತದೆ, ಅದು ಲೋಪ. ‘ಮನೆಯಲ್ಲಿ’ ಎಂಬಲ್ಲಿ ಎಲ್ಲಿಯೂ ಇಲ್ಲದ ಯಕಾರ ಬಂದು ಸೇರುತ್ತದೆ, ಅದು ಆಗಮ. ‘ಚಳಿಗಾಲ’ದಲ್ಲಿ ಕಕಾರ ಹೋಗಿ ಗಕಾರವಾಗುತ್ತದೆ, ಅದು ಆದೇಶ. ಗಾಳಿಗೆ ಎದುರಾದ ಇಳಿಜಾರಿನಲ್ಲಿ ಹಿಮ ಗುಡಿಸಿಹೋಗುವುದು ಲೋಪ. ಗಾಳಿಯ ಮರೆಯಲ್ಲಿ, ಎತ್ತರದ ಗೋಡೆಯ ಬುಡದಲ್ಲಿ, ಆಕಾಶದಿಂದ ಬೀಳದ ಹಿಮ ಬಂದು ದಿಣ್ಣೆಯಾಗುವುದು ಆಗಮ. ಆದೇಶಕ್ಕೆ ಉದಾಹರಣೆ ಹುಡುಕುತ್ತಿದ್ದಾಗ ಭಾವನವರೇ ಒದಗಿಸಿದರು: ಗಾಳಿಯಲ್ಲಿ ಉರುಳಿ ಬಂದ ಹಿಮದ ಕಣಗಳು ಸವೆದು ಮುರಿದು ಹತ್ತಿರ ಹತ್ತಿರ ಕೂರುವುದರಿಂದ ಅರಳೆ ಹೋಗಿ ಹಲಗೆಯಾಗುತ್ತದೆಯಂತೆ. ಅದೇ ಡಬ್ಬಿಯನ್ನು ತುಂಬಲು ಬಂದಿದ್ದರೆ ಹೊಸ ಹಿಮಕ್ಕಿಂತ ಎಷ್ಟೋ ಭಾರ ತೂಗುತ್ತಿತ್ತು. ಕೇಶಿರಾಜನು ಮಿನಿಸೋಟಕ್ಕೆ ಬಂದಿರಲಿಲ್ಲವೆಂದು ಯಾರು ಹೇಳಬಲ್ಲರು?

ಇನ್ನು, ಬಿರುಗಾಳಿಯೂ ಭಾರಿ ಹಿಮವೂ ಒಟ್ಟಿಗೆ ಬಂದರೆ ಏನು ಗತಿ? ಎರಡನ್ನೂ ಪರಮಾವಧಿಯಲ್ಲಿ ಹಿಡಿದು ಕಟ್ಟಿದರೆ ಪ್ರತಿಯೊಂದು ಶಾಲೆಯೂ ಕೋಟೆಯಾಗಬೇಕಾಗುತ್ತದೆ, ಹಣ ಕೊಡುವವರಾರು? ಒಂದನ್ನು ಮರೆತು ಕಟ್ಟಿದರೆ ಜೀವಕ್ಕೆ ಅಪಾಯ. ಇದಕ್ಕೆ ಎಂಜಿನಿಯರುಗಳು ಕಂಡುಕೊಂಡಿರುವ ಉಪಾಯ ಗೃಹಸ್ಥರಿಗೆ ಬೇಗ ಅರ್ಥವಾಗತಕ್ಕದ್ದು. ಮಗಳ ಮದುವೆಗೆ ಹಣ ಕೂಡಿಸುವ ತಂದೆ ಅಂದೇ ಮನೆ ಸುಟ್ಟು, ಅಂದೇ ಕೆಲಸ ಹೋಗಿ, ಅಂದೇ ಎಲ್ಲರಿಗೂ ವಿಷಮಶೀತಜ್ವರ ಬರುವುದೆಂದು ಲೆಕ್ಕ ಹಾಕುವುದಿಲ್ಲ. ಆದರೆ ಮದುವೆಯ ದಿನವೂ ಯಾರಿಗಾದರೂ ನೆಗಡಿಯಾದೀತು, ಹಾಲಿನವನಿಗೆ ಹಣ ಕೊಡಬೇಕಾದೀತು ಎಂದು ಸ್ವಲ್ಪ ಕೈಯಲ್ಲಿಟ್ಟುಕೊಂಡಿರುತ್ತಾನೆ. ಒಂದು ಹೊರೆ ತನ್ನ ಪರಮಾವಧಿಯಲ್ಲಿದ್ದಾಗ ಉಳಿದವು ಸಾಧಾರಣ ಮಟ್ಟದಲ್ಲಿರುತ್ತವೆಂದು ಹಿಡಿ. ಅನಂತರ ಸರದಿ ಬದಲಾಯಿಸಿ ಮತ್ತೆ ಲೆಕ್ಕ ಹಾಕು. ಯಾವುದು ಕಠಿನವೋ ಅದಕ್ಕೆ ಕಟ್ಟು. 1970ರಲ್ಲಿ ಕೆನಡಾದಲ್ಲಿ ಕಾರ್ಲ್ ಟರ್ಕ್‌ಸ್ಟ್ರಾ ಎಂಬ ವಿದ್ವಾಂಸರು ಪ್ರಕಟಿಸಿದ ಗ್ರಂಥದಿಂದ ಇದು ಅವರ ಹೆಸರಿನ ನಿಯಮವೆಂದೇ ಪ್ರಸಿದ್ಧವಾಗಿದೆ. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ 2010ರ ನಿಯಮಾವಳಿಯಲ್ಲಿ ಅದು ಅಂಕಿಯ ರೂಪದಲ್ಲಿ ಹೀಗಿತ್ತು: ಕಟ್ಟಡದ ಸ್ವಂತ ತೂಕ 1.2 ಪಾಲು, ಹಿಮ 1.6 ಪಾಲು, ಗಾಳಿ ಅರ್ಧ ಪಾಲು. ಸರದಿ ತಿರುಗಿದಾಗ ಗಾಳಿ ಪೂರ್ಣ, ಹಿಮ ಅರ್ಧ. 2022ರ ಆವೃತ್ತಿಯಲ್ಲಿ ಹಿಮದ ನಕ್ಷೆಯೂ ಅಂಕಿಗಳೂ ಬದಲಾದವು, ತತ್ತ್ವ ಬದಲಾಗಲಿಲ್ಲ.

ನನಗೆ ಇವೆಲ್ಲಕ್ಕಿಂತ ಮೆಚ್ಚಿಗೆಯಾದದ್ದು ಮೂರನೆಯ ಲೆಕ್ಕ. ಗಾಳಿ ಚಾವಣಿಯನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ. ಮೂಲೆಗಳಲ್ಲಿಯೂ ಅಂಚುಗಳಲ್ಲಿಯೂ ಈ ಸೆಳೆತ ಬಲವಾಗಿರುತ್ತದೆ. ನಮ್ಮ ಊರುಗಳಲ್ಲಿ ಮುಂಗಾರಿನ ಮೊದಲು ತಗಡಿನ ಮಾಡುಗಳು ಹಾರಿಹೋಗುವುದನ್ನು ನೋಡಿದವರಿಗೆ, ಅವುಗಳ ಮೇಲೆ ಕಲ್ಲು ಹೇರುವವರಿಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾದರೆ ಮೇಲೆ ಕುಳಿತ ಹಿಮ ಆ ಹೊತ್ತಿನಲ್ಲಿ ಕಲ್ಲಿನಂತೆ ಉಪಕಾರ ಮಾಡುವುದಲ್ಲವೇ ಎಂದು ಕೇಳಿದೆ. “ಮಾಡುತ್ತದೆ. ಆದರೆ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಆ ಹೊತ್ತಿಗೆ ಅದು ಅಲ್ಲಿ ಇರುತ್ತದೆಂದು ಯಾರು ಹೇಳಿದರು? ಅಷ್ಟೇಕೆ, ಚಾವಣಿಯ ಸ್ವಂತ ತೂಕವನ್ನೂ ಆಗ ಹತ್ತರಲ್ಲಿ ಒಂಬತ್ತೇ ಪಾಲು ಹಿಡಿಯಬೇಕು” ಎಂದರು. ಕೆಡುಕು ಮಾಡುವಾಗ ಸ್ವಂತ ತೂಕಕ್ಕೆ 1.2, ಒಳಿತು ಮಾಡುವಾಗ 0.9! ನೆಂಟರ ವಿಷಯದಲ್ಲಿಯೂ ಅನುಭವಸ್ಥರು ಇದೇ ಗುಣಕಗಳನ್ನು ಬಳಸುತ್ತಾರೆಂದು ಕೇಳಿದ್ದೇನೆ.

ಈ ಮಾತುಗಳೆಲ್ಲ ಊಟದ ಮೇಜಿನ ವಿನೋದವಾಗಿಯೇ ಉಳಿಯುತ್ತಿದ್ದವೋ ಏನೋ, ಆ ದಿನಗಳಲ್ಲಿ ಭಾವನವರಿಗೆ ಒಂದು ಕಷ್ಟ ಬಂದಿತ್ತು. ಊರಿನ ಶಾಲೆಯ ತರಗತಿಗಳ ಹಳೆಯ ಕಟ್ಟಡ 1960ರ ದಶಕದ್ದು; ತಗ್ಗಾದ, ಮಟ್ಟಸವಾದ ಚಾವಣಿ, ಕೆಳಗೆ ಹಗುರವಾದ ಉಕ್ಕಿನ ಜಾಲರಿ ತೊಲೆಗಳು. ಅದಕ್ಕೆ ಅಂಟಿಕೊಂಡಂತೆ, ಅದಕ್ಕಿಂತ ಇಪ್ಪತ್ತು ಅಡಿ ಎತ್ತರವಾಗಿ, ಆಟದ ಒಳಾಂಗಣವೊಂದನ್ನು ಕಟ್ಟಬೇಕೆಂದು ಶಾಲೆಯ ಸಮಿತಿ ನಿಶ್ಚಯಿಸಿತ್ತು. ನಕ್ಷೆಯ ಲೆಕ್ಕ ಭಾವನವರ ಕಚೇರಿಗೆ ಬಂದಿತ್ತು. ಹೊಸ ಕಟ್ಟಡದಲ್ಲಿ ದೋಷವೇನೂ ಇರಲಿಲ್ಲ. ಭಾವನವರು ಬೆರಳಿಟ್ಟದ್ದು ಯಾರೂ ಮುಟ್ಟಬೇಕೆಂದುಕೊಂಡಿರದ ಹಳೆಯ ಕಟ್ಟಡದ ಮೇಲೆ.

ಹೊಸ ಗೋಡೆಯ ಮರೆಯಲ್ಲಿ ಹಳೆಯ ಚಾವಣಿಯ ಮೇಲೆ ದಿಣ್ಣೆ ಬೆಳೆಯುತ್ತದೆ. ನೆಲದ ಮೇಲಿನ ಹಿಮ ಚದರ ಅಡಿಗೆ 50 ಪೌಂಡು ಎಂದು ಹಿಡಿದರೆ ಮಟ್ಟಸವಾದ ಚಾವಣಿಗೆ ಸುಮಾರು 35 ಪೌಂಡು ಬರುತ್ತದೆ; ಹಳೆಯ ತೊಲೆಗಳು ಅಷ್ಟನ್ನು ಹೊರುತ್ತಿದ್ದವು. ಆದರೆ ನೂರು ಅಡಿ ಉದ್ದದ ಮೇಲಿನ ಚಾವಣಿಯಿಂದ ಗಾಳಿ ಗುಡಿಸಿ ತರುವ ಹಿಮ ಗೋಡೆಯ ಬುಡದಲ್ಲಿ ಇನ್ನೂ ನಾಲ್ಕು ಅಡಿ ಏರಿ, ಹದಿನಾರು ಅಡಿ ದೂರದವರೆಗೆ ಇಳಿಜಾರಾಗಿ ಚಾಚಿಕೊಳ್ಳುತ್ತದೆಂದು ನಿಯಮಾವಳಿಯ ಸೂತ್ರ ಹೇಳುತ್ತದೆ. ಬುಡದಲ್ಲಿ ಒಟ್ಟು ಹೊರೆ ಸ್ಥೂಲವಾಗಿ 118 ಪೌಂಡು. ಮೂರು ಪಟ್ಟಿಗೂ ಮಿಗಿಲು. ಚಾವಣಿ ಅದೇ, ಹಿಮ ಅದೇ, ಗಾಳಿ ಅದೇ. ನೆರೆಮನೆ ಮಾತ್ರ ಹೊಸದು.

ಹಳೆಯ ತೊಲೆಗಳನ್ನು ಗಟ್ಟಿಮಾಡುವ ಖರ್ಚು ಸಮಿತಿಯ ಅಂದಾಜಿನಲ್ಲಿ ಇರಲಿಲ್ಲ. “ಅರವತ್ತು ವರ್ಷದಿಂದ ಬೀಳದ ಚಾವಣಿ ಈಗ ಬೀಳುತ್ತದೆಯೆ?” ಎಂಬುದು ಅವರ ವಾದ. ಕಚೇರಿಯ ಹಿರಿಯರೊಬ್ಬರು ನಡುವಿನ ದಾರಿ ಹುಡುಕಿದರು: ಹಿಮ ಹೆಚ್ಚಾದಾಗ ಆಳುಗಳನ್ನು ಹತ್ತಿಸಿ ಗುಡಿಸಿಹಾಕಬೇಕೆಂದು ಒಂದು ಪತ್ರ ಬರೆದುಕೊಟ್ಟರೆ ಸಾಕು, ನಕ್ಷೆಗೆ ಮುದ್ರೆಯೊತ್ತಿ ಕಳುಹಿಸಬಹುದು. ಭಾವನವರು ಒತ್ತಲಿಲ್ಲ. ಅಂದಿನ ರಾತ್ರಿ ಅಡುಗೆಮನೆಯಲ್ಲಿ ಅಕ್ಕನೂ ಅವರೂ ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದುದು ನನ್ನ ಕಿವಿಗೂ ಬಿತ್ತು. ಮನೆಯ ಸಾಲ ಇನ್ನೂ ಹನ್ನೊಂದು ವರ್ಷ ಇತ್ತು. “ನೀವು ಒತ್ತದಿದ್ದರೆ ಇನ್ನೊಬ್ಬರು ಒತ್ತುತ್ತಾರೆ” ಎಂದಳು ಅಕ್ಕ. “ಒತ್ತಲಿ. ಅವರು ನನ್ನ ಲೆಕ್ಕ ತಪ್ಪೆಂದು ತೋರಿಸಿ ಒತ್ತಲಿ” ಎಂದರು ಭಾವನವರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಅನಂತರ ಅಕ್ಕನೇ, “ಹಾಗಾದರೆ ನಮ್ಮ ಮಗು ಆ ಸಾಲಿನ ಮೂರನೆಯ ಕೋಣೆಯಲ್ಲಿ ಕೂರುತ್ತಾಳೆಂದು ಸಭೆಯಲ್ಲಿ ಹೇಳಿ, ಕೇಳುತ್ತಾರೆ” ಎಂದಳು. “ಅದನ್ನು ಮಾತ್ರ ಹೇಳುವುದಿಲ್ಲ. ಲೆಕ್ಕ ಸರಿಯಾಗಿದ್ದರೆ ಮಗುವಿನ ಹೆಸರು ಬೇಕಾಗಿಲ್ಲ.”

ಗುಡಿಸಿಹಾಕುವ ಪತ್ರವನ್ನು ಅವರು ಒಪ್ಪದೆ ಹೋದುದಕ್ಕೆ ಕಾರಣ ಅದೇ ರಾಜ್ಯದ ದೊಡ್ಡ ನಗರದಲ್ಲಿ ಇತ್ತು. ಮಿನಿಯಾಪೊಲಿಸಿನಲ್ಲಿ 1982ರಲ್ಲಿ ತೆರೆದ ಮೆಟ್ರೋಡೋಮ್ ಎಂಬ ಕ್ರೀಡಾಂಗಣಕ್ಕೆ ಬಟ್ಟೆಯಂಥ ಚಾವಣಿಯಿತ್ತು. ಒಳಗಿನಿಂದ ಗಾಳಿ ಊದಿ ಅದನ್ನು ಎತ್ತಿ ನಿಲ್ಲಿಸಿದ್ದರು. ಹಿಮ ಕರಗಲೆಂದು ಎರಡು ಪದರಗಳ ನಡುವೆ ಬಿಸಿಗಾಳಿ ಹಾಯಿಸುವ ಏರ್ಪಾಡೂ ಇತ್ತು, ಮೇಲೆ ಹತ್ತಿ ಹಿಮ ತೆಗೆಯುವ ಆಳುಗಳೂ ಇದ್ದರು. 2010ರ ಡಿಸೆಂಬರ್ 10, 11ರಂದು ಹದಿನೇಳು ಅಂಗುಲ ಹಿಮ ಬಿತ್ತು. ಜೊತೆಗೆ ಬಿರುಗಾಳಿಯೂ ಎದ್ದಿತು. ಅಂಥ ಗಾಳಿಯಲ್ಲಿ ಚಾವಣಿಯ ಮೇಲೆ ಮನುಷ್ಯರು ನಿಲ್ಲುವುದು ಅಪಾಯವೆಂದು ಆಳುಗಳನ್ನು ಕೆಳಗಿಳಿಸಬೇಕಾಯಿತು. 12ರ ನಸುಕಿನಲ್ಲಿ ಚಾವಣಿ ಹರಿದು, ಹಿಮವೆಲ್ಲ ಆಟದ ಬಯಲಿಗೆ ಸುರಿಯಿತು. ಒಳಗೆ ಇರಿಸಿದ್ದ ಕ್ಯಾಮರಾಗಳಲ್ಲಿ ಆ ದೃಶ್ಯ ಸೆರೆಯಾಗಿದೆ. ಯಾರಿಗೂ ಗಾಯವಾಗಲಿಲ್ಲವೆಂಬುದು ಆ ಹೊತ್ತಿನ ಪುಣ್ಯ. 2014ರಲ್ಲಿ ಆ ಕಟ್ಟಡವನ್ನು ಕೆಡವಲಾರಂಭಿಸಿದರು. 2016ರಲ್ಲಿ ಅದೇ ಜಾಗದಲ್ಲಿ ತೆರೆದ ಹೊಸದಕ್ಕೆ ಹಿಮ ಜಾರಿಹೋಗುವಂತೆ ಕಡಿದಾದ ಚಾವಣಿಯನ್ನು ಕಟ್ಟಿದ್ದಾರೆ. “ಗುಡಿಸಬೇಕಾದ ದಿನವೇ ಗುಡಿಸಲು ಆಗುವುದಿಲ್ಲ. ಹಿಮವನ್ನು ತಂದು ಹಾಕಿದ ಗಾಳಿ ಅದನ್ನು ತೆಗೆಯುವವನನ್ನೂ ತಡೆಯುತ್ತದೆ. ಇದು ಯಾವ ಗುಣಕದಲ್ಲಿಯೂ ಬರುವುದಿಲ್ಲ” ಎನ್ನುವಾಗ ಭಾವನವರ ದನಿಯಲ್ಲಿ ವಿನೋದವಿರಲಿಲ್ಲ.

ಸಭೆಗೆ ನಾನೂ ಹೋಗಿದ್ದೆ. ಅಲ್ಲಿ ಅಂಥ ಸಭೆಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಏಳೆಂಟು ಜನ, ಕಾಫಿಯ ದೊಡ್ಡ ಪಾತ್ರೆ, ಗೋಡೆಯ ಮೇಲೆ ಮಕ್ಕಳು ಬರೆದ ಚಿತ್ರಗಳು. ಅಧ್ಯಕ್ಷರು ಅರವತ್ತು ದಾಟಿದ ರೈತರು, ಅಗಲವಾದ ಕೈ, ಅತಿ ನಿಧಾನದ ಮಾತು. ಭಾವನವರು ಸೂತ್ರಗಳನ್ನು ಹೇಳಲಿಲ್ಲ. ಬಿರುಗಾಳಿಯ ಮರುದಿನ ನನ್ನ ಕೈಯಲ್ಲಿ ಅಳತೆಕೋಲು ಕೊಟ್ಟು, ಊರಿನ ಒಂದು ಉಗ್ರಾಣದ ಎತ್ತರದ ಗೋಡೆಯ ಪಕ್ಕದಲ್ಲಿದ್ದ ತಗ್ಗು ಮಾಡಿನ ಮೇಲೆ ತೆಗೆದ ಚಿತ್ರವನ್ನು ತೋರಿಸಿದರು. ನಡುವೆ ಎಂಟು ಅಂಗುಲ, ಗೋಡೆಯ ಬುಡದಲ್ಲಿ ಮೂರು ಅಡಿ ಹತ್ತು ಅಂಗುಲ. ಕೋಲು ಹಿಡಿದು ನಡುಗುತ್ತ ನಿಂತ ಕನ್ನಡ ಉಪನ್ಯಾಸಕನೂ ಚಿತ್ರದಲ್ಲಿದ್ದ.

ಒಬ್ಬ ಸದಸ್ಯರು, ಗಣಕಯಂತ್ರದಲ್ಲಿ ಎಲ್ಲವೂ ಸರಿಯೆಂದು ಬಂದಿದೆಯಂತಲ್ಲ ಎಂದರು. ಅದಕ್ಕೆ ಭಾವನವರು ಹಾರ್ಟ್‌ಫರ್ಡ್ ನಗರದ ಸಭಾಂಗಣದ ಕಥೆ ಹೇಳಿದರು. 300 ಅಡಿ ಅಗಲ, 360 ಅಡಿ ಉದ್ದದ ಉಕ್ಕಿನ ಜಾಲದ ಚಾವಣಿ. ಆ ಕಾಲಕ್ಕೆ ಗಣಕಯಂತ್ರದಿಂದ ಲೆಕ್ಕ ಹಾಕಿದ ಹೆಮ್ಮೆಯ ಕಟ್ಟಡ. ಕಟ್ಟುವಾಗಲೇ ಅದು ಲೆಕ್ಕಕ್ಕಿಂತ ಎರಡು ಪಟ್ಟು ಬಾಗಿತ್ತು. ಹೇಳಿದವರಿಗೆ, ಅದೆಲ್ಲ ಸಹಜವೆಂಬ ಉತ್ತರ ಬಂದಿತ್ತು. 1978ರ ಜನವರಿ 18ರ ನಸುಕಿನಲ್ಲಿ ಹಿಮ, ಮಂಜುಗಡ್ಡೆಗಳ ಭಾರಕ್ಕೆ ಅದು ಪೂರ್ತಿಯಾಗಿ ಕುಸಿಯಿತು. ಹಿಂದಿನ ರಾತ್ರಿ ಅಲ್ಲಿ ಬಾಸ್ಕೆಟ್‌ಬಾಲ್ ನೋಡಲು ಐದು ಸಾವಿರದಷ್ಟು ಜನ ಕುಳಿತಿದ್ದರು. ಅವರು ಎದ್ದು ಹೋಗಿ ಕೆಲವೇ ಗಂಟೆಗಳಾಗಿದ್ದವು. “ಯಂತ್ರ ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿತು. ಇಲ್ಲಿಯೂ ಹೊಸ ಕಟ್ಟಡದ ಬಗ್ಗೆ ಮಾತ್ರ ಅದನ್ನು ಕೇಳಿದ್ದೇವೆ” ಎಂದರು.

ಸಭೆ ಸುಮ್ಮನಾಯಿತು. ಒಪ್ಪಿದ ಮೌನವೋ ಬೇಸರದ ಮೌನವೋ ನನಗೆ ತಿಳಿಯಲಿಲ್ಲ. ಅಧ್ಯಕ್ಷರು ಚಿತ್ರವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. ಅನಂತರ ಅವರು ಹೇಳಿದ ಮಾತನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮಿನಿಸೋಟದ ಬಯಲಿನಲ್ಲಿ ಗಾಳಿ ತರುವ ಹಿಮ ಹೆದ್ದಾರಿಗಳನ್ನು ಮುಚ್ಚಿಬಿಡುತ್ತದೆ. ಅದಕ್ಕಾಗಿ ರಸ್ತೆಯಿಂದ ಸ್ವಲ್ಪ ಹಿಂದಕ್ಕೆ ಮರಗಳ ಸಾಲು ನೆಡುತ್ತಾರೆ. ಅದಿಲ್ಲದ ಕಡೆಗಳಲ್ಲಿ ಕುಯ್ಲಿನ ಸಮಯದಲ್ಲಿ ಮುಸುಕಿನ ಜೋಳದ ಕೆಲವು ಸಾಲುಗಳನ್ನು ಕೊಯ್ಯದೆ ಹಾಗೆಯೇ ನಿಲ್ಲಿಸಬೇಕೆಂದು ಸರಕಾರದ ಸಾರಿಗೆ ಇಲಾಖೆ ರೈತರನ್ನು ಕೇಳಿಕೊಂಡು ಅದಕ್ಕೆ ಹಣವನ್ನೂ ಕೊಡುತ್ತದೆ. ಒಣಗಿದ ದಂಟುಗಳ ತಡೆಗೆ ಗಾಳಿಯ ವೇಗ ಕುಗ್ಗಿ, ಹೊತ್ತು ತಂದ ಹಿಮವನ್ನು ಅದು ಸಾಲುಗಳ ಆಚೆಯ ಮಗ್ಗುಲಲ್ಲಿ, ರಸ್ತೆಗೆ ಮುಟ್ಟುವ ಮೊದಲೇ, ಇಳಿಸಿಬಿಡುತ್ತದೆ.

“ನಾನು ರಸ್ತೆಯ ಪಕ್ಕದಲ್ಲಿ ಜೋಳದ ಸಾಲು ಬಿಡುತ್ತೇನೆ” ಎಂದರು ಅವರು. “ಹಿಮ ಎಲ್ಲಿ ಬೀಳಬೇಕೋ ಅಲ್ಲಿ ಬೀಳಲಿ ಎಂದು. ನೀವು ಹೇಳುವುದು, ಈ ಹೊಸ ಗೋಡೆಯೇ ಜೋಳದ ಸಾಲು, ಹಿಮ ಬೀಳುವ ಜಾಗ ಮಕ್ಕಳ ತರಗತಿ. ಅಷ್ಟೇ ತಾನೆ?”

ಅಷ್ಟೇ ಎಂದರು ಭಾವನವರು. ಎರಡು ವಾರ ಅವರು ನನಗೆ ಹೇಳಿದ್ದನ್ನೂ ನಾನು ಲೋಪ ಆಗಮ ಆದೇಶಗಳೆಂದು ಹಿಗ್ಗಿದ್ದನ್ನೂ ಆ ರೈತರು ಮೂರು ವಾಕ್ಯಗಳಲ್ಲಿ ಮುಗಿಸಿದ್ದರು.

ಕೆಲಸ ಅಂದೇ ನಿರ್ಣಯವಾಗಲಿಲ್ಲ. ಸಮಿತಿಗಳ ಸ್ವಭಾವ ಎಲ್ಲ ದೇಶಗಳಲ್ಲಿಯೂ ಒಂದೇ. ಬೇರೊಬ್ಬ ಎಂಜಿನಿಯರರಿಂದ ಲೆಕ್ಕವನ್ನು ಪರೀಕ್ಷಿಸಿದರು; ಅವರ ಅಂಕಿ ಭಾವನವರದಕ್ಕಿಂತ ಕೊಂಚ ಹೆಚ್ಚೇ ಬಂತು. ಮುಂದಿನ ಬೇಸಿಗೆಯ ರಜೆಯಲ್ಲಿ ಹಳೆಯ ತರಗತಿಗಳ ಒಳಮುಚ್ಚಿಗೆ ಬಿಚ್ಚಿ, ಗೋಡೆಯಿಂದ ಹದಿನಾರು ಅಡಿಯವರೆಗೆ ಹಳೆಯ ತೊಲೆಗಳ ನಡುವೆ ಹೊಸ ತೊಲೆಗಳನ್ನು ಕೂರಿಸಿದರು. ಆ ಖರ್ಚಿಗಾಗಿ ಒಳಾಂಗಣದ ವಿದ್ಯುತ್ ಅಂಕಫಲಕವನ್ನು ಕೈಬಿಡಬೇಕಾಯಿತಂತೆ. ಆಟದ ಮೇಷ್ಟ್ರಿಗೆ ಭಾವನವರ ಮೇಲೆ ಇನ್ನೂ ಸಿಟ್ಟಿದೆ. ಅಂಗಡಿಯಲ್ಲಿ ಎದುರಾದರೆ ಅಂಕಗಳನ್ನು ಈಗಲೂ ಸೀಮೆಸುಣ್ಣದಲ್ಲಿ ಬರೆಯುತ್ತಿರುವುದಾಗಿ ನೆನಪಿಸುತ್ತಾರಂತೆ. ಕಚೇರಿಯ ಹಿರಿಯರು ಒಂದು ವರ್ಷ ಭಾವನವರಿಗೆ ಬಡ್ತಿ ಕೊಡಲಿಲ್ಲ, ಮರುವರ್ಷ ಕೊಟ್ಟರು. ಎರಡಕ್ಕೂ ಕಾರಣ ಹೇಳಲಿಲ್ಲ.

ಒಳಾಂಗಣ ಎದ್ದು ನಿಂತ ಮೇಲೆ ಬಂದ ಒಂದು ಬಿರುಗಾಳಿಯ ಮರುದಿನ ಭಾವನವರು ನನಗೆ ಚಿತ್ರವೊಂದನ್ನು ಕಳುಹಿಸಿದರು. ತಗ್ಗು ಚಾವಣಿಯ ಮೇಲೆ, ಹೊಸ ಗೋಡೆಯ ಬುಡದಲ್ಲಿ, ಅದೇ ಅಳತೆಕೋಲನ್ನು ಹಿಮದಲ್ಲಿ ನೆಟ್ಟಿದ್ದರು. ಅಂದು ಶಾಲೆಗೆ ರಜೆಯಿರಲಿಲ್ಲ. ಚಾವಣಿಯ ನಡುವೆ ಏಳು ಅಂಗುಲವೆಂದು ಕೆಳಗೆ ಬರೆದಿದ್ದರು. ಕೋಲಿನ ಮೇಲಿನ ಅಂಕಿಯನ್ನು ಹಿಗ್ಗಿಸಿ ನೋಡಿದೆ. ಮೂರು ಅಡಿ ನಾಲ್ಕು ಅಂಗುಲ.